ಬಿಸಿಲಿನ ತೋಟದಲ್ಲಿ ಗೌರಿ ಹೂವು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಿಮೆ ನೀರಿನಲ್ಲಿ ಬದುಕುವ, ವರ್ಷವರ್ಷವೂ ತಾನಾಗಿಯೇ ಚಿಗುರಿ ಹೂ ಬಿಡುವ ನಮ್ಮ ನೆಲದ ಕಾಡುಹೂಗಳನ್ನು ಕೈತೋಟದಲ್ಲಿ ಬೆಳೆಸುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಿಡವನ್ನು ಕುರಿತಿವೆ. ಬೇಲಿಯ ಪೊದೆಗಳ ನಡುವಿನಿಂದ ಮೇಲೆದ್ದು ಮಳೆಗಾಲದಲ್ಲಿ ಹಳದಿ–ಕೆಂಪು ಹೂ ಬಿಡುವ ಗೌರಿ ಹೂವಿನ ಬಳ್ಳಿ ಅದು. ಅಗ್ನಿಶಿಖೆ ಎಂದೂ ಹೆಸರಿರುವ ಇದನ್ನು ಸಸ್ಯಶಾಸ್ತ್ರಜ್ಞರು ಗ್ಲೋರಿಯೋಸಾ ಸುಪರ್ಬಾ ಎಂದು ಗುರುತಿಸುತ್ತಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯ ಮುಂದಿನ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ಬೇಸಿಗೆಯಲ್ಲಿ ಗಿಡಗಳಿಗೆ ಹಾಕಲು ನೀರಿರುವುದಿಲ್ಲ. ಗೌರಿ ಹೂವು ಬರವನ್ನು ತಡೆದುಕೊಳ್ಳುತ್ತದೆ ಎಂದು ಕೇಳಿದ್ದೇನೆ. ಇಂತಹ ಜಾಗದಲ್ಲಿ ಅದು ಬದುಕೀತೇ?

ಉತ್ತರ: ಬದುಕುತ್ತದೆ. ಆದರೆ ಬರವನ್ನು ತಡೆದುಕೊಳ್ಳುತ್ತದೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಕಳ್ಳಿ, ಕತ್ತಾಳೆಗಳಂತೆ ಎಲೆಯಲ್ಲೋ ಕಾಂಡದಲ್ಲೋ ನೀರು ತುಂಬಿಕೊಂಡು ಬೇಸಿಗೆಯ ಬಿಸಿಲಿನಲ್ಲಿ ಹಸಿರಾಗಿ ನಿಲ್ಲುವ ಗಿಡ ಇದಲ್ಲ. ಬೇಸಿಗೆ ಬರುವಷ್ಟರಲ್ಲಿ ನೆಲದ ಮೇಲಿನ ಭಾಗವನ್ನೆಲ್ಲ ಬಿಟ್ಟುಕೊಟ್ಟು, ಮಣ್ಣಿನೊಳಗಿನ ಗಡ್ಡೆಯಾಗಿ ಮಾತ್ರ ಉಳಿದು, ಮತ್ತೆ ಮಳೆ ಬರುವವರೆಗೆ ಅದು ಮಲಗಿರುತ್ತದೆ. ಆದ್ದರಿಂದ ನಿಮ್ಮಲ್ಲಿ ನೀರಿಲ್ಲದ ಆ ತಿಂಗಳುಗಳಲ್ಲಿ ಇದಕ್ಕೂ ನೀರು ಬೇಡ. ಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆದರೆ ಕುಡಿ ಮೇಲೆ ಬಂದ ದಿನದಿಂದ ಹೂ ಮುಗಿಯುವವರೆಗಿನ ಕೆಲವು ತಿಂಗಳು ಮಣ್ಣಿನಲ್ಲಿ ಪಸೆ ಇರಲೇಬೇಕು. ಮಳೆ ಕೈಕೊಟ್ಟು ಮಣ್ಣು ಬೆರಳುದ್ದದ ಆಳದವರೆಗೆ ಒಣಗಿದ್ದರೆ ಆ ಅವಧಿಯಲ್ಲಿ ಬುಡ ನೆನೆಯುವಂತೆ ನೀರುಣಿಸಬೇಕು. ಬೆಳೆಯುವ ಕಾಲದಲ್ಲಿ ಬಾಯಾರಿದ ಬಳ್ಳಿ ಸಾಯುವುದು ಅಪರೂಪ. ಆದರೆ ಅದು ಬೇಗನೆ ಹಳದಿಯಾಗಿ, ಗಡ್ಡೆಯನ್ನು ದಪ್ಪಗೊಳಿಸದೆಯೇ ಮಲಗಿಬಿಡುತ್ತದೆ, ಮರುವರ್ಷ ಹೂ ಕಡಿಮೆಯಾಗುತ್ತದೆ.

ಆಫ್ರಿಕಾದ ಉಷ್ಣವಲಯದಿಂದ ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾದವರೆಗೆ ಈ ಬಳ್ಳಿ ಸಹಜವಾಗಿ ಬೆಳೆಯುತ್ತದೆ. ಅದು ಎಲ್ಲಿ ನೆಲೆಯೂರುತ್ತದೆ ಎಂಬುದನ್ನು ಗಮನಿಸಿದರೆ ನಿಮ್ಮ ತೋಟದಲ್ಲಿ ಜಾಗ ಹುಡುಕುವುದು ಸುಲಭ. ಕುರುಚಲು ಕಾಡು, ಬೇಲಿಸಾಲು, ಕಾಡಿನ ಅಂಚು ಇವು ಅದರ ನೆಲೆಗಳು; ಇಲ್ಲೆಲ್ಲ ಬುಡ ಪೊದೆಯ ನೆರಳಿನಲ್ಲಿ ಅಡಗಿರುತ್ತದೆ, ತಲೆ ಮಾತ್ರ ಬಿಸಿಲಿಗೆ ಏರಿರುತ್ತದೆ. ಕೈತೋಟದಲ್ಲಿಯೂ ಇದೇ ಏರ್ಪಾಡು ಒಳ್ಳೆಯದು. ಬರಿ ನೆಲದ ಮಧ್ಯದಲ್ಲಿ ಒಂಟಿಯಾಗಿ ನೆಡುವುದರ ಬದಲು, ಎದೆಮಟ್ಟದ ಯಾವುದಾದರೂ ಪೊದೆಗಿಡದ ಪಕ್ಕದಲ್ಲಿ ಎರಡು ಗೇಣು ದೂರ ಬಿಟ್ಟು ನೆಟ್ಟರೆ ಬುಡ ತಂಪಾಗಿರುತ್ತದೆ, ಹತ್ತಲು ಆಸರೆಯೂ ಸಿಗುತ್ತದೆ. ಪೊದೆ ಇಲ್ಲದಿದ್ದರೆ ಬುಡದ ಸುತ್ತ ಒಣಗಿದ ಎಲೆಯ ಹೊದಿಕೆ ಹಾಕಿ.

ಮಣ್ಣಿನ ವಿಷಯದಲ್ಲಿ ಇದು ಹೆಚ್ಚು ಬೇಡುವ ಗಿಡವಲ್ಲ, ಒಂದು ಷರತ್ತನ್ನು ಬಿಟ್ಟರೆ: ಬುಡದಲ್ಲಿ ನೀರು ನಿಲ್ಲಬಾರದು. ಮರಳು ಬೆರೆತ ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದಂಥದ್ದು. ಎರೆಮಣ್ಣಾಗಿದ್ದರೆ ನೆಲದ ಮಟ್ಟದಿಂದ ಒಂದು ಗೇಣು ಎತ್ತರಕ್ಕೆ ಏರುಮಡಿ ಮಾಡಿ, ಮಣ್ಣಿಗೆ ದಪ್ಪ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ನೆಡಬೇಕು. ಹಸಿ ಗೊಬ್ಬರ ಗಡ್ಡೆಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಸ್ನೇಹಿತರು ಕೊಟ್ಟ ಗಡ್ಡೆಯೊಂದನ್ನು ಆಲೂಗಡ್ಡೆಯ ಬಿತ್ತನೆಯಂತೆ ನಾಲ್ಕು ತುಂಡು ಮಾಡಿ ನೆಟ್ಟೆ. ಎರಡು ತುಂಡು ಚಿಗುರಲೇ ಇಲ್ಲ. ಕಾರಣವೇನು? ಗಡ್ಡೆಯನ್ನು ನೆಡುವ ಸರಿಯಾದ ಕ್ರಮ ಯಾವುದು?

ಉತ್ತರ: ಆಲೂಗಡ್ಡೆಯ ಮೈತುಂಬ ಕಣ್ಣುಗಳಿರುತ್ತವೆ; ಗೌರಿ ಹೂವಿನ ಗಡ್ಡೆಗೆ ಆ ಸೌಲಭ್ಯವಿಲ್ಲ. ಬಲಿತ ಗಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ: ಅದು ಕವೆಗೋಲಿನ ಆಕಾರದಲ್ಲಿ ಎರಡು ತೋಳುಗಳಾಗಿ ಕವಲೊಡೆದಿರುತ್ತದೆ, ಕೆಲವೊಮ್ಮೆ ಒಂದು ತೋಳು ಉದ್ದ, ಇನ್ನೊಂದು ಮೋಟು. ಒಂದೊಂದು ತೋಳಿನ ತುದಿಯಲ್ಲಿಯೂ ಒಂದೇ ಒಂದು ಮೊಳಕೆಕಣ್ಣು ಇರುತ್ತದೆ. ನಡುವಿನ ಭಾಗ ಎಷ್ಟೇ ದಪ್ಪವಾಗಿದ್ದರೂ ಅದರಲ್ಲಿ ಮೊಳೆಯುವ ಶಕ್ತಿಯಿಲ್ಲ. ನಿಮ್ಮ ನಾಲ್ಕು ತುಂಡುಗಳಲ್ಲಿ ಚಿಗುರಿದ ಎರಡು ತುದಿಯ ತುಂಡುಗಳು, ಚಿಗುರದ ಎರಡು ನಡುವಿನವು ಎಂದು ತಿಳಿಯಬಹುದು. ಗಡ್ಡೆಯನ್ನು ಭಾಗ ಮಾಡಲೇಬೇಕೆಂದಿದ್ದರೆ ಕವಲಿನ ಮೂಲೆಯಲ್ಲಿ ಒಂದೇ ಬಾರಿ ಕತ್ತರಿಸಿ, ಗಾಯದ ಮೇಲೆ ಬೂದಿ ಸವರಿ, ಎರಡು ದಿನ ನೆರಳಿನಲ್ಲಿ ಆರಲು ಬಿಟ್ಟು ನೆಡಬಹುದು. ಆದರೆ ಕತ್ತರಿಸದೆ ಇಡಿಯಾಗಿ ನೆಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗಾಯವಾದ ಗಡ್ಡೆಗೆ ಮಳೆಗಾಲದ ಹಸಿಯಲ್ಲಿ ಶಿಲೀಂಧ್ರ ತಗುಲಿ ಕೊಳೆಯುವ ಅಪಾಯ ಹೆಚ್ಚು.

ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ, ಅಂದರೆ ಗಡ್ಡೆಯ ತುದಿಯಲ್ಲಿ ತಿಳಿ ಬಣ್ಣದ ಮೊಳಕೆ ಉಬ್ಬುವ ಸಮಯಕ್ಕೆ, ಅದನ್ನು ನೆಲದಲ್ಲಿ ಅಡ್ಡಲಾಗಿ ಮಲಗಿಸಿ, ಮೇಲೆ 6ರಿಂದ 8 ಸೆಂಟಿಮೀಟರಿನಷ್ಟು ಮಣ್ಣು ಮುಚ್ಚಬೇಕು. ಒಂದು ಗಡ್ಡೆಗೂ ಇನ್ನೊಂದಕ್ಕೂ ನಡುವೆ 30ರಿಂದ 45 ಸೆಂಟಿಮೀಟರ್ ಅಂತರವಿರಲಿ. ಮೊಳಕೆಯನ್ನು ಮುಟ್ಟಿ ನೋಡುವ ಕುತೂಹಲ ಬೇಡ. ಅದು ಬಹಳ ಪೆಡಸು, ಬೆರಳು ತಾಗಿದರೆ ಮುರಿಯುತ್ತದೆ, ಆ ತೋಳಿನಿಂದ ಆ ವರ್ಷ ಸಾಮಾನ್ಯವಾಗಿ ಇನ್ನೊಂದು ಕುಡಿ ಬರುವುದಿಲ್ಲ. ಕುಡಿ ಮೇಲೆದ್ದ ಮೇಲೂ ಇದೇ ಎಚ್ಚರಿಕೆ ಬೇಕು. ಆದ್ದರಿಂದ ಆಸರೆಯ ಕಡ್ಡಿಗಳನ್ನು ಗಡ್ಡೆ ನೆಡುವ ದಿನವೇ ಊರಿಬಿಡುವುದು ಒಳ್ಳೆಯದು, ಆಮೇಲೆ ಚುಚ್ಚಲು ಹೋದರೆ ಗಡ್ಡೆಗೇ ತಾಗೀತು.

ಪ್ರಶ್ನೆ: ದಪ್ಪ ಬಿದಿರಿನ ಗಳು ನೆಟ್ಟಿದ್ದೇನೆ. ಬಳ್ಳಿ ಅದನ್ನು ಹತ್ತದೆ ನೆಲಕ್ಕೆ ಒರಗುತ್ತಿದೆ. ದಾರದಿಂದ ಕಟ್ಟಬೇಕೇ?

ಉತ್ತರ: ಈ ಬಳ್ಳಿ ಅವರೆಯಂತೆ ಕಾಂಡವನ್ನೇ ಸುತ್ತಿಕೊಂಡು ಮೇಲೇರುವುದಿಲ್ಲ. ಎಲೆಯ ತುದಿಯೇ ಸಪೂರವಾಗಿ ಚಾಚಿ, ತನಗೆ ತಾಗಿದ್ದನ್ನು ಸುರುಳಿಯಾಗಿ ಹಿಡಿದುಕೊಳ್ಳುತ್ತದೆ. ಅಷ್ಟು ಗಿಡ್ಡ ಕೊಕ್ಕೆಗೆ ನಿಮ್ಮ ಬಿದಿರಿನ ಗಳು ಹಿಡಿಯಲಾಗದಷ್ಟು ದಪ್ಪ. ಪೆನ್ಸಿಲಿಗಿಂತ ತೆಳ್ಳಗಿನ ಕವಲುಕವಲಾದ ಒಣ ರೆಂಬೆಗಳನ್ನು ಗಳುವಿಗೆ ಕಟ್ಟಿ, ಅಥವಾ ತಂತಿಬಲೆಯನ್ನು ಹೊದಿಸಿ. ಎಲೆಗಳು ತಾವೇ ಹಿಡಿದುಕೊಳ್ಳುತ್ತವೆ. ಈಗಾಗಲೇ ಒರಗಿರುವ ಭಾಗವನ್ನು ಬಲವಂತವಾಗಿ ಎತ್ತಿ ಕಟ್ಟಬೇಡಿ.

ಪ್ರಶ್ನೆ: ಹೂವೇನೋ ಬಹಳ ಬಿಡುತ್ತದೆ, ಆದರೆ ಒಂದೂ ಕಾಯಿ ಕಟ್ಟಿಲ್ಲ. ಒಂದೇ ಬಳ್ಳಿಯ ಹೂಗಳು ಬೇರೆ ಬೇರೆ ಬಣ್ಣದವಾಗಿ ಕಾಣುವುದೂ ಸಹಜವೇ?

ಉತ್ತರ: ಬಣ್ಣದ ವಿಷಯ ಮೊದಲು ಹೇಳುತ್ತೇನೆ. ಮೊಗ್ಗು ಹಸಿರಾಗಿ, ತಲೆ ಕೆಳಗಾಗಿ ತೂಗುತ್ತಿರುತ್ತದೆ. ಅರಳುವಾಗ ಆರು ಎಸಳುಗಳೂ ಹಿಂದಕ್ಕೆ ಮಡಿಚಿಕೊಂಡು ಮೇಲ್ಮುಖವಾಗುತ್ತವೆ, ಅಂಚು ಅಲೆಅಲೆಯಾಗಿರುತ್ತದೆ. ಮೊದಲು ಹಸಿರು ಬೆರೆತ ಹಳದಿ, ಬಳಿಕ ಬುಡದಲ್ಲಿ ಹಳದಿ ಉಳಿದು ತುದಿಯಲ್ಲಿ ಕೆಂಪು, ಕೊನೆಗೆ ಇಡೀ ಎಸಳು ಕಡುಗೆಂಪು. ಒಂದು ಹೂವು ಹಲವು ದಿನ ಬಾಡದೆ ನಿಲ್ಲುವುದರಿಂದ ಬಳ್ಳಿಯ ಕೆಳಗಿನ ಹಳೆಯ ಹೂ ಕೆಂಪಾಗಿಯೂ ಮೇಲಿನ ಹೊಸ ಹೂ ಹಳದಿಯಾಗಿಯೂ ಒಟ್ಟಿಗೆ ಕಾಣುತ್ತವೆ. ಇದು ರೋಗವೂ ಅಲ್ಲ, ಬೇರೆ ತಳಿಯೂ ಅಲ್ಲ.

ಇನ್ನು ಕಾಯಿ. ಹೊಸದಾಗಿ ಅರಳಿದ ಹೂವೊಂದನ್ನು ಕೆಳಗಿನಿಂದ ನೋಡಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ಆರು ಕೇಸರಗಳು ಚಕ್ರದ ಅರಗಳಂತೆ ಸುತ್ತಲೂ ಚಾಚಿರುತ್ತವೆ. ನಡುವಿನ ಹಸಿರು ಅಂಡಾಶಯದ ತುದಿಯಿಂದ ಹೊರಡುವ ಶಲಾಕೆ ಹೊರಟ ಕೂಡಲೇ ಹೆಚ್ಚುಕಡಿಮೆ ಲಂಬಕೋನದಲ್ಲಿ ಬಾಗಿ, ಹೂವಿನಿಂದ ಆಚೆಗೆ ಚಾಚುತ್ತದೆ. ಶಲಾಕೆಯ ತುದಿಗೆ ಸ್ವಂತ ಹೂವಿನ ಪರಾಗ ಸುಲಭವಾಗಿ ತಾಗದ ರಚನೆ ಇದು. ಮಕರಂದಕ್ಕಾಗಿ ಬರುವ ದೊಡ್ಡ ಚಿಟ್ಟೆಯೋ ಸೂರಕ್ಕಿಯೋ ರೆಕ್ಕೆ ಬಡಿಯುತ್ತ ಒಂದು ಹೂವಿನ ಪರಾಗವನ್ನು ಇನ್ನೊಂದರ ಶಲಾಕೆಗೆ ಮುಟ್ಟಿಸಬೇಕು. ಅವು ಬಾರದ ಕಡೆ, ಅಥವಾ ತೋಟದಲ್ಲಿ ಒಂದೇ ಗಿಡವಿರುವ ಕಡೆ, ಕಾಯಿ ಕಟ್ಟದಿರುವುದು ಸಾಮಾನ್ಯ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಹೊಲದಲ್ಲಿಯೇ ಈ ಬಳ್ಳಿಯನ್ನು ಬೆಳೆಯುವ ರೈತರು ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಅಲ್ಲಿನ ರಾಜ್ಯಪುಷ್ಪವೂ ಇದೇ.

ನೀವೂ ಹಾಗೆ ಮಾಡಬಹುದು. ಬಿಸಿಲೇರುವ ಮುನ್ನ, ಪರಾಗಕೋಶ ಬಿರಿದು ಹಳದಿ ಪುಡಿ ಕಾಣುತ್ತಿರುವ ಹೂವಿನಿಂದ ಮೆತ್ತನೆಯ ಬ್ರಷ್ಷಿನಲ್ಲಿ ಪರಾಗವನ್ನು ತೆಗೆದು, ಅಂದೇ ಅರಳಿದ ಇನ್ನೊಂದು ಬಳ್ಳಿಯ ಹೂವಿನ ಶಲಾಕೆಯ ತುದಿಗೆ ಸವರಬೇಕು. ಒಂದೇ ಗಡ್ಡೆಯಿಂದ ಭಾಗವಾಗಿ ಬಂದ ಬಳ್ಳಿಗಳು ಎಷ್ಟಿದ್ದರೂ ವಂಶದ ಲೆಕ್ಕದಲ್ಲಿ ಒಂದೇ ಗಿಡ; ಬೇರೆ ಮೂಲದ ಗಡ್ಡೆಯೊಂದು ಜೊತೆಗಿದ್ದರೆ ಫಲ ಹೆಚ್ಚು. ಆದರೆ ನಿಮಗೆ ಬೀಜ ಬೇಕಿಲ್ಲದಿದ್ದರೆ ಈ ಯಾವ ಶ್ರಮವೂ ಬೇಡ. ಕಾಯಿ ಕಟ್ಟದ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಗಡ್ಡೆಗೆ ಹರಿಸುತ್ತದೆ, ಕೈತೋಟದವರಿಗೆ ಅದರಿಂದ ಲಾಭವೇ.

ಪ್ರಶ್ನೆ: ಬೀಜದಿಂದ ಬೆಳೆಸಬಹುದೇ?

ಉತ್ತರ: ಬಹುದು, ತಾಳ್ಮೆ ಇದ್ದರೆ. ಬಲಿತ ಕಾಯಿ ಮೂರು ಭಾಗವಾಗಿ ಬಿರಿದಾಗ ಕೆಂಪು ಬೀಜಗಳು ಸಾಲಾಗಿ ಕಾಣುತ್ತವೆ. ಅವನ್ನು ಒಣಗಿಸಿಟ್ಟು ಮುಂದಿನ ಮುಂಗಾರಿಗೆ ಬಿತ್ತಬೇಕು. ತಾಜಾ ಬೀಜ ಕೂಡಲೇ ಮೊಳೆಯುವುದಿಲ್ಲ. ಬಿತ್ತುವ ಮುನ್ನ ಒಂದು ರಾತ್ರಿ ನೆನೆಸಿ, ಮೇಲಿನ ಕೆಂಪು ಸಿಪ್ಪೆಯನ್ನು ಉಜ್ಜಿ ತೆಗೆಯಿರಿ. ಆಗಲೂ ಮೊಳಕೆಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಹಿಂದುಮುಂದಾಗಿ ಬರುತ್ತವೆ. ಮೊದಲ ವರ್ಷ ಕೆಲವೇ ಎಲೆ, ಮಣ್ಣಿನೊಳಗೆ ಒಂದು ಪುಟ್ಟ ಗಡ್ಡೆ, ಅಷ್ಟೇ. ಹೂ ಕಾಣಲು ಸಾಮಾನ್ಯವಾಗಿ ಮೂರನೆಯ ವರ್ಷದವರೆಗೆ ಕಾಯಬೇಕು.

ಪ್ರಶ್ನೆ: ಹೂ ಮುಗಿದ ಮೇಲೆ ಬಳ್ಳಿ ಪೂರ್ತಿ ಹಳದಿಯಾಗಿ ಒಣಗಿತು. ದಿನವೂ ನೀರು ಹಾಕಿದರೂ ಚೇತರಿಸಿಕೊಳ್ಳುತ್ತಿಲ್ಲ. ಸತ್ತುಹೋಯಿತೇ?

ಉತ್ತರ: ಸತ್ತಿಲ್ಲ, ಆದರೆ ಹೀಗೆ ದಿನವೂ ನೀರು ಹಾಕುತ್ತಿದ್ದರೆ ಸಾಯಬಹುದು. ಇಂದೇ ನಿಲ್ಲಿಸಿ. ಮಲಗಿದ ಗಡ್ಡೆಗೆ ಬೇರಿನ ಕೆಲಸವಿಲ್ಲ, ಹಾಕಿದ ನೀರು ಅದನ್ನು ಕೊಳೆಸುವುದಕ್ಕೆ ಮಾತ್ರ ಒದಗುತ್ತದೆ. ಒಣಗಿದ ಬಳ್ಳಿಯನ್ನು ನೆಲಮಟ್ಟದಲ್ಲಿ ಕತ್ತರಿಸಿ, ಆ ಜಾಗದಲ್ಲಿ ಒಂದು ಗುರುತಿನ ಕಡ್ಡಿ ನೆಡಿ. ಗುರುತಿಲ್ಲದಿದ್ದರೆ ಬೇಸಿಗೆಯಲ್ಲಿ ಬೇರೇನನ್ನೋ ನೆಡಲು ಅಗೆದು ಗಡ್ಡೆಯನ್ನು ತುಂಡರಿಸುವ ಸಂಭವವಿದೆ. ಎಲೆಯಲ್ಲಿ ಹಸಿರು ಉಳಿದಿರುವವರೆಗೆ ಮಾತ್ರ ಕತ್ತರಿಸಬಾರದು, ಮುಂದಿನ ವರ್ಷದ ಗಡ್ಡೆ ತಯಾರಾಗುವುದು ಆ ಎಲೆಗಳಿಂದಲೇ.

ಪ್ರಶ್ನೆ: ಕಪ್ಪು ಮೈಯ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳಿರುವ ಹುಳುಗಳು ಗುಂಪುಗುಂಪಾಗಿ ಎಲೆ ತಿನ್ನುತ್ತಿವೆ. ಇಷ್ಟು ವಿಷದ ಗಿಡವನ್ನು ಅವು ತಿನ್ನುವುದು ಹೇಗೆ? ಯಾವ ಔಷಧಿ ಸಿಂಪಡಿಸಬೇಕು?

ಉತ್ತರ: ನೀವು ವರ್ಣಿಸಿರುವುದು ಪಾಲಿಟೆಲಾ ಗ್ಲೋರಿಯೋಸೇ ಎಂಬ ಪತಂಗದ ಮರಿಹುಳು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಈ ಬಳ್ಳಿಯ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ. ಬಳ್ಳಿಯ ವಿಷವನ್ನು ತಾಳಿಕೊಂಡು ಅದರ ಎಲೆಯ ಮೇಲೆಯೇ ಬೆಳೆಯುವ ಹುಳು ಇದು. ತೋಟದಲ್ಲಿ ಲಿಲ್ಲಿ ಜಾತಿಯ ಇತರ ಗಡ್ಡೆಹೂಗಳಿದ್ದರೆ ಅವನ್ನೂ ಬಿಡುವುದಿಲ್ಲ. ಗುಂಪಾಗಿ ತಿನ್ನುವುದರಿಂದ ಸಣ್ಣ ಬಳ್ಳಿಯೊಂದನ್ನು ಕೆಲವೇ ದಿನಗಳಲ್ಲಿ ಬೋಳು ಮಾಡಬಲ್ಲದು. ಆದರೆ ಆ ಗುಂಪುಗಾರಿಕೆಯೇ ನಿಮಗೆ ಅನುಕೂಲ: ಮರಿಗಳು ಚದುರುವ ಮೊದಲೇ ಎಲೆಸಮೇತ ಕಿತ್ತು ಸೋಪಿನ ನೀರಿಗೆ ಹಾಕಿದರೆ ಕೆಲಸ ಮುಗಿಯಿತು. ಎಲೆಯ ಅಡಿಯಲ್ಲಿ ಗುಂಪಾಗಿರುವ ಮೊಟ್ಟೆಗಳನ್ನೂ ಹುಡುಕಿ ತೆಗೆಯಿರಿ. ನಾಲ್ಕಾರು ಬಳ್ಳಿಗಳಿಗಾಗಿ ಕೀಟನಾಶಕ ಸಿಂಪಡಿಸುವುದನ್ನು ನಾನು ಸಲಹೆ ಮಾಡುವುದಿಲ್ಲ, ಪರಾಗ ಮುಟ್ಟಿಸಲು ಬರುವ ಚಿಟ್ಟೆಗಳಿಗೂ ಅದರಿಂದ ಕೇಡು. ಹೂಗಳೆಲ್ಲ ಮುಗಿದು ಎಲೆ ಹಳದಿಯಾಗುತ್ತಿರುವ ಕಾಲದಲ್ಲಿ ಹುಳು ಬಂದರೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬಹುದು.

ಪ್ರಶ್ನೆ: ಇದರ ಗಡ್ಡೆ ವಿಷ ಎನ್ನುತ್ತಾರೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗು ಇದೆ, ನಾಯಿಯೂ ಇದೆ. ಬೆಳೆಸಬಹುದೇ?

ಉತ್ತರ: ಬೇಡ. ಮಗು ಸ್ವಲ್ಪ ದೊಡ್ಡದಾಗಿ ಹೇಳಿದ್ದನ್ನು ತಿಳಿದುಕೊಳ್ಳುವವರೆಗೆ ಈ ಬಳ್ಳಿಯ ಆಸೆಯನ್ನು ಮುಂದೂಡಿ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಬಳ್ಳಿಯ ಎಲ್ಲ ಭಾಗಗಳಲ್ಲಿಯೂ, ಅದರಲ್ಲಿಯೂ ಗಡ್ಡೆ ಮತ್ತು ಬೀಜದಲ್ಲಿ, ಕಾಲ್ಚಿಸಿನ್ ಎಂಬ ವಿಷವಸ್ತುವಿದೆ. ಜೀವಕೋಶ ಇಬ್ಭಾಗವಾಗುವ ಕ್ರಿಯೆಯನ್ನೇ ಅದು ತಡೆಯುತ್ತದೆ. ಸಸ್ಯತಳಿ ಅಭಿವೃದ್ಧಿ ಮಾಡುವವರು ಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಲು ಇದೇ ಗುಣವನ್ನು ಬಳಸುತ್ತಾರೆ. ಸಂಧಿವಾತದ ಒಂದು ಬಗೆಯಾದ ಗೌಟ್‌ಗೆ ವೈದ್ಯರು ಕೊಡುವ ಮಾತ್ರೆಯಲ್ಲಿ ಇರುವುದೂ ಇದೇ ವಸ್ತು. ಆದರೆ ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಹಾಗಾಗಿ ಈ ಗಡ್ಡೆಯನ್ನು ಮನೆಮದ್ದಾಗಿ ಬಳಸುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ದೊಡ್ಡವರಿಗೂ ಅಪಾಯ ಎದುರಾಗುವುದು ಗಡ್ಡೆಯನ್ನು ಗೆಣಸೆಂದು ತಪ್ಪು ತಿಳಿಯುವುದರಿಂದ. ಮಣ್ಣು ಮೆತ್ತಿದ ಗಡ್ಡೆಯೊಂದನ್ನು ಗೆಣಸಿನ ರಾಶಿಯಲ್ಲಿ ಇಟ್ಟರೆ ಗುರುತಿಸುವುದು ಕಷ್ಟ, ಬೇಯಿಸಿದರೆ ವಿಷ ಹೋಗುವುದೂ ಇಲ್ಲ. ಆದ್ದರಿಂದ ಗೆಣಸು, ಅರಿಶಿನ, ಶುಂಠಿ ಮೊದಲಾದವುಗಳ ಮಡಿಯಲ್ಲಿ ಅಥವಾ ಅದರ ಪಕ್ಕದಲ್ಲಿ ಗೌರಿ ಹೂವನ್ನು ಎಂದಿಗೂ ನೆಡಬಾರದು. ಅಗೆದ ಗಡ್ಡೆಯನ್ನು ಅಡುಗೆಮನೆಗೆ ತರಬಾರದು. ಗಡ್ಡೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಕೆಲವರ ಚರ್ಮಕ್ಕೆ ಅದರ ರಸ ತುರಿಕೆ ತರುತ್ತದೆ. ನಾಯಿ, ಹಸು, ಮೇಕೆಗಳಿಗೂ ಇದು ವಿಷವೇ. ನೆಲ ಕೆದಕುವ ಅಭ್ಯಾಸದ ನಾಯಿಯಿದ್ದರೆ ಬೇಲಿಯೊಳಗಿನ ಮಡಿಯೂ ಸಾಲದು.

ಒಂದು ವೇಳೆ ಯಾರಾದರೂ ಯಾವುದೇ ಭಾಗವನ್ನು ತಿಂದದ್ದು ತಿಳಿದರೆ ಲಕ್ಷಣ ಕಾಣಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು, ತಿಂದ ಗಿಡದ ತುಂಡನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು. ಮೊದಲ ಕೆಲವು ಗಂಟೆ ಏನೂ ಆಗದಂತೆ ಕಾಣಬಹುದು. ವಾಂತಿ, ಭೇದಿ ಶುರುವಾಗುವುದು ಆಮೇಲೆ, ಒಳಗಿನ ಅಂಗಗಳಿಗೆ ಪೆಟ್ಟು ಬೀಳುವುದು ಅದಕ್ಕೂ ಆಮೇಲೆ. ಸುಲಭವಾಗಿ ಸಿಗುವ ಪ್ರತಿವಿಷ ಇಲ್ಲದಿರುವುದರಿಂದ ಬೇಗ ಚಿಕಿತ್ಸೆ ದೊರೆಯುವುದು ಬಹಳ ಮುಖ್ಯ.

ಪ್ರಶ್ನೆ: ಊರಾಚೆಯ ಗುಡ್ಡದಲ್ಲಿ ಬೇಕಾದಷ್ಟು ಬೆಳೆದಿದೆ. ಅಲ್ಲಿಂದಲೇ ಎರಡು ಗಡ್ಡೆ ಅಗೆದು ತರಬಹುದಲ್ಲವೇ?

ಉತ್ತರ: ತರಬೇಡಿ. ಔಷಧಿಗಾಗಿ ಕಾಡಿನಿಂದ ಗಡ್ಡೆ ಅಗೆದೊಯ್ದು ಅನೇಕ ಕಡೆ ಈ ಬಳ್ಳಿ ವಿರಳವಾಗಿದೆ. ಹೂ ಕಿತ್ತರೆ ಗಿಡ ಉಳಿಯುತ್ತದೆ, ಗಡ್ಡೆ ಕಿತ್ತರೆ ಆ ಜಾಗದಲ್ಲಿ ಗಿಡವೇ ಇಲ್ಲ. ಹೂ ಬಿಟ್ಟಿರುವ ಕಾಲದಲ್ಲಿ ಅಗೆದ ಗಡ್ಡೆ ಬದುಕುವ ಸಂಭವವೂ ಕಡಿಮೆ, ಏಕೆಂದರೆ ಆಗ ಹಳೆಯ ಗಡ್ಡೆ ಸೊರಗಿ ಹೊಸದು ಇನ್ನೂ ಬಲಿಯುತ್ತಿರುತ್ತದೆ. ಬಿರಿದ ಒಂದು ಕಾಯಿಯಿಂದ ಕೆಲವು ಬೀಜ ಆರಿಸಿಕೊಂಡು ಉಳಿದದ್ದನ್ನು ಅಲ್ಲಿಯೇ ಬಿಡಬಹುದು, ಅದೂ ಸಂರಕ್ಷಿತ ಅರಣ್ಯವಲ್ಲದಿದ್ದರೆ ಮಾತ್ರ. ಗಡ್ಡೆಯೇ ಬೇಕೆಂದರೆ ತೋಟದಲ್ಲಿ ಬೆಳೆಸಿದ ಗಡ್ಡೆ ಮಾರುವ ನರ್ಸರಿಯನ್ನು ಕೇಳಿ, ಎಲ್ಲಿಂದ ಬಂದದ್ದೆಂದು ವಿಚಾರಿಸಿಯೇ ಕೊಳ್ಳಿ.

ಹೊರದೇಶದಲ್ಲಿ ನೆಲೆಸಿರುವ ಓದುಗರೊಬ್ಬರು ಬೀಜ ಕಳುಹಿಸಿಕೊಡುವಂತೆ ಕೇಳಿದ್ದಾರೆ. ಇಲ್ಲಿ ಸ್ವಂತ ನೆಲದ ಗಿಡವಾದ ಇದು ಆಸ್ಟ್ರೇಲಿಯಾದ ಕರಾವಳಿಯ ಮರಳುದಿಣ್ಣೆಗಳಲ್ಲಿ ಹರಡಿ ಅಲ್ಲಿನ ಗಿಡಗಳನ್ನು ಒತ್ತರಿಸುವ ಕಳೆಯಾಗಿದೆ. ಅವರು ತಾವಿರುವ ನಾಡಿನ ಕಾಡುಹೂವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನೆಟ್ಟ ಗಡ್ಡೆಯನ್ನು ಪ್ರತಿ ವರ್ಷ ಅಗೆದು ತೆಗೆದಿಡಬೇಕೇ? ಕುಂಡದಲ್ಲಿ ಬೆಳೆಸುವುದು ಸಾಧ್ಯವೇ?

ಉತ್ತರ: ನೀರು ಬಸಿಯುವ ನೆಲದಲ್ಲಿ ಅಗೆಯುವ ಅಗತ್ಯವಿಲ್ಲ. ಹಳೆಯ ಗಡ್ಡೆ ಪ್ರತಿ ವರ್ಷ ಕರಗಿ ಅದರ ಜಾಗದಲ್ಲಿ ಹೊಸ ಗಡ್ಡೆ ಬರುತ್ತದೆ, ಅನುಕೂಲವಾದ ವರ್ಷ ಒಂದಕ್ಕೆ ಎರಡಾಗುವುದೂ ಉಂಟು. ಬಳ್ಳಿಗಳು ಒತ್ತೊತ್ತಾಗಿ ಹೂ ಕಡಿಮೆಯಾದಂತೆ ಕಂಡಾಗ ಮಾತ್ರ, ಅವು ಪೂರ್ತಿ ಒಣಗಿದ ಮೇಲೆ, ಅಗೆದು ಬಿಡಿಸಿ ದೂರದೂರ ನೆಡಬಹುದು. ಕುಂಡವಾದರೆ ಕನಿಷ್ಠ 30 ಸೆಂಟಿಮೀಟರ್ ಆಳವಿರಲಿ, ತಳದ ತೂತುಗಳು ಮುಚ್ಚಿರದಿರಲಿ. ಬಳ್ಳಿ ಒಣಗಿದ ಮೇಲೆ ಕುಂಡವನ್ನು ಹಾಗೆಯೇ ಮಳೆ ತಾಗದ ಕಡೆ ಸರಿಸಿಟ್ಟು, ಮುಂಗಾರಿಗೆ ಮುನ್ನ ಮೇಲಿನ ಮಣ್ಣನ್ನು ಬದಲಿಸಿ ಹೊರಗೆ ತಂದರೆ ಸಾಕು. ಗಡ್ಡೆಯನ್ನು ತೆಗೆದೇ ಇಡುವುದಾದರೆ ಒಣ ಮರಳಿನಲ್ಲಿ ಹುದುಗಿಸಿ, ಡಬ್ಬಿಯ ಮೇಲೆ ವಿಷವೆಂದು ದೊಡ್ಡ ಅಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ.